ಔಷಧಕ್ಕೆ ಬಗ್ಗದ ರೋಗಾಣುಗಳ ಜಾಡು ಹಿಡಿಯುವ ಬಗೆ

(ಹೈನುಗಾರರು ಮತ್ತು ಕೋಳಿ ಸಾಕಣೆದಾರರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಹಸುವಿಗೆ ಕೆಚ್ಚಲು ಬಾವು ಬಂದರೆ, ಕರುವಿಗೆ ಭೇದಿಯಾದರೆ, ಕೋಳಿ ಮನೆಯಲ್ಲಿ ಮರಿಗಳು ಮಂಕಾದರೆ ಇಂದು ರೈತನ ಮನಸ್ಸಿಗೆ ಮೊದಲು ಬರುವುದು ಪ್ರತಿಜೈವಿಕ ಔಷಧ. ಆ್ಯಂಟಿಬಯಾಟಿಕ್ ಎಂಬ ಹೆಸರಿನಿಂದ ಹಳ್ಳಿಹಳ್ಳಿಗೂ ಪರಿಚಯವಾಗಿರುವ ಈ ಔಷಧಗಳು ಎಪ್ಪತ್ತು ಎಂಬತ್ತು ವರ್ಷಗಳಿಂದ ಲೆಕ್ಕವಿಲ್ಲದಷ್ಟು ಜನರನ್ನೂ ಜಾನುವಾರುಗಳನ್ನೂ ಉಳಿಸಿವೆ. ಆದರೆ ಮೂರು ಸೂಜಿಮದ್ದು ಕೊಡಿಸಿದರೂ ಕೆಚ್ಚಲು ಇಳಿಯಲಿಲ್ಲ ಎಂಬ ಮಾತು ಈಗ ಅಪರೂಪವಲ್ಲ. ಆಸ್ಪತ್ರೆಗಳಲ್ಲಿಯೂ ಇದೇ ಮಾತು ಕೇಳಿಬರುತ್ತಿದೆ. ಔಷಧದಲ್ಲಿ ಸತ್ವವಿಲ್ಲದೆ ಹೀಗಾಗುವುದು ಉಂಟು. ರೋಗಾಣುವೇ ಔಷಧವನ್ನು ಸಹಿಸಲು ಕಲಿತಿರುವುದರಿಂದ ಹೀಗಾಗುವುದು ಅದಕ್ಕಿಂತ ಹೆಚ್ಚು ಚಿಂತೆಯ ವಿಷಯ.

ಕೀಟನಾಶಕಗಳ ವಿಷಯದಲ್ಲಿ ರೈತರಿಗೆ ಈ ಅನುಭವ ಹೊಸದಲ್ಲ. ಒಂದೇ ಔಷಧವನ್ನು ಮತ್ತೆ ಮತ್ತೆ ಸಿಂಪಡಿಸಿದಾಗ ಹತ್ತಿಯ ಕಾಯಿಕೊರಕವೂ ಕೋಸಿನ ವಜ್ರಬೆನ್ನಿನ ಪತಂಗವೂ ಅದಕ್ಕೆ ಬಗ್ಗದಾದವು. ಸಾಯದೆ ಉಳಿದ ಕೆಲವೇ ಹುಳುಗಳ ಸಂತತಿ ಹೊಲವನ್ನೆಲ್ಲ ತುಂಬಿತು. ದುಂಡಾಣುಗಳಲ್ಲಿ ನಡೆಯುವುದೂ ಇದೇ. ಆದರೆ ಹುಳುವಿಗೆ ಒಂದು ತಲೆಮಾರು ಕಳೆಯಲು ವಾರಗಳು ಬೇಕು. ಅನುಕೂಲ ಸಿಕ್ಕಿದರೆ ದುಂಡಾಣುವಿಗೆ ಅರ್ಧ ಗಂಟೆ ಸಾಕು. ಇಷ್ಟೇ ಅಲ್ಲದೆ, ದುಂಡಾಣುಗಳು ತಮ್ಮ ನಿರೋಧ ಶಕ್ತಿಯನ್ನು ಮರಿಗಳಿಗೆ ಮಾತ್ರವಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ದುಂಡಾಣುಗಳಿಗೂ ದಾಟಿಸಬಲ್ಲವು.

ಹೀಗಿರುವಲ್ಲಿ ಒಂದು ಪ್ರಶ್ನೆ ಏಳುತ್ತದೆ. ಔಷಧಕ್ಕೆ ಬಗ್ಗದ ರೋಗಾಣು ಎಲ್ಲಿ ಹುಟ್ಟಿತು? ಕೊಟ್ಟಿಗೆಯಿಂದ ಮನೆಗೆ ಬಂತೋ, ಮನೆಯಿಂದ ಕೊಟ್ಟಿಗೆಗೆ ಹೋಯಿತೋ? ಆಸ್ಪತ್ರೆಯಿಂದ ಊರಿಗೆ ಬಂತೋ? ಬಹಳ ಕಾಲ ಇದಕ್ಕೆ ಊಹೆಯೇ ಉತ್ತರವಾಗಿತ್ತು. ವೈದ್ಯರು ರೈತರತ್ತ, ರೈತರು ವೈದ್ಯರತ್ತ ಬೆರಳು ತೋರಿಸಬಹುದಾಗಿತ್ತು. ಈಗ ರೋಗಾಣುವಿನ ಮೈಯೊಳಗಿನ ಬರಹವನ್ನೇ ಓದಿ ಅದರ ಜಾಡು ಹಿಡಿಯುವ ವಿದ್ಯೆ ಕೈಗೆ ಬಂದಿದೆ. ಅದೇ ಜೀನೋಮ್ ವಿಜ್ಞಾನ.

ಜೀನೋಮ್ ಎಂದರೇನು?

ಪ್ರತಿಯೊಂದು ಜೀವಿಯ ಕೋಶದಲ್ಲಿಯೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇರುತ್ತದೆ. ಆ ಜೀವಿ ಹೇಗೆ ಬೆಳೆಯಬೇಕು, ಏನನ್ನು ತಯಾರಿಸಬೇಕು ಎಂಬ ಸೂಚನೆಗಳೆಲ್ಲ ಅದರಲ್ಲಿ ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದಿರುತ್ತವೆ. ಒಂದು ಸೂಚನೆಯನ್ನು ಒಂದು ವಂಶವಾಹಿ ಎನ್ನಬಹುದು. ಎಲ್ಲವೂ ಸೇರಿದ ಪೂರ್ಣ ಬರಹವೇ ಜೀನೋಮ್. ಮನುಷ್ಯನ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ, ಮನುಷ್ಯ ಮತ್ತು ದನಕರುಗಳ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ದುಂಡಾಣುವಿನಲ್ಲಿ ಸುಮಾರು 46 ಲಕ್ಷ ಅಕ್ಷರಗಳಿವೆ. ಇ. ಕೋಲಿಯ ಪ್ರಯೋಗಾಲಯ ತಳಿಯೊಂದರ ಪೂರ್ಣ ಬರಹವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಬ್ಲಾಟ್ನರ್ ಮತ್ತು ಅವರ ಸಂಗಡಿಗರು 1997 ರಲ್ಲಿ ಪ್ರಕಟಿಸಿದರು. ಅಂದು ವರ್ಷಗಟ್ಟಲೆ ಹಿಡಿದ ಈ ಕೆಲಸವನ್ನು ಇಂದಿನ ಯಂತ್ರಗಳು ಕೆಲವೇ ದಿನಗಳಲ್ಲಿ ಮುಗಿಸುತ್ತವೆ.

ಈ ಬರಹದಿಂದ ಜಾಡು ಸಿಗುವುದು ಹೇಗೆ? ಹಿಂದಿನ ಕಾಲದಲ್ಲಿ ಜಮೀನಿನ ದಾಖಲೆಗಳನ್ನು ಕೈಯಿಂದಲೇ ನಕಲು ಮಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನಕಲು ಮಾಡುವಾಗ ಒಂದು ಅಕ್ಷರ ತಪ್ಪಿದರೆ, ಆ ನಕಲಿನಿಂದ ಮಾಡಿದ ಮುಂದಿನ ನಕಲುಗಳಲ್ಲೆಲ್ಲ ಅದೇ ತಪ್ಪು ಉಳಿಯುತ್ತಿತ್ತು. ಒಂದೇ ಜಾಗದಲ್ಲಿ ಒಂದೇ ತಪ್ಪಿರುವ ಎರಡು ಪ್ರತಿಗಳು ಒಂದೇ ಮೂಲದಿಂದ ಬಂದವೆಂದು ಹೇಳಲು ಬೇರೆ ಪುರಾವೆ ಬೇಕಾಗಿರಲಿಲ್ಲ. ದುಂಡಾಣು ಎರಡಾಗಿ ಒಡೆಯುವಾಗಲೂ ತನ್ನ ಬರಹವನ್ನು ನಕಲು ಮಾಡುತ್ತದೆ. ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಎರಡು ದುಂಡಾಣುಗಳ ಬರಹವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕೆಲವೇ ಅಕ್ಷರಗಳ ವ್ಯತ್ಯಾಸ ಕಂಡರೆ ಅವು ಹತ್ತಿರದ ನೆಂಟರು. ಸಾವಿರಾರು ಅಕ್ಷರಗಳ ವ್ಯತ್ಯಾಸವಿದ್ದರೆ ದೂರದವರು. ತಪ್ಪುಗಳು ಯಾವ ವೇಗದಲ್ಲಿ ಸೇರುತ್ತವೆ ಎಂಬುದು ತಿಳಿದರೆ, ಎರಡು ಕವಲುಗಳು ಬೇರೆಯಾದ ವರ್ಷವನ್ನೂ ಅಂದಾಜು ಮಾಡಬಹುದು. ಹೀಗೆ ರೋಗಾಣುವಿನ ವಂಶಾವಳಿ ಸಿದ್ಧವಾಗುತ್ತದೆ.

ಡೆನ್ಮಾರ್ಕಿನ ಎರಡು ಸಾಕಣೆ ಮನೆಗಳು

ಇದಕ್ಕೊಂದು ಚಿಕ್ಕ ಉದಾಹರಣೆ ಡೆನ್ಮಾರ್ಕ್ ದೇಶದಿಂದ ದೊರೆಯುತ್ತದೆ. ಗಾಯ, ಕುರು ಮತ್ತು ಕೆಚ್ಚಲು ಬಾವಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಎಂಬ ದುಂಡಾಣುವಿನ ಕೆಲವು ತಳಿಗಳು ಪೆನಿಸಿಲಿನ್ ಜಾತಿಯ ಔಷಧಗಳಿಗೆ ಬಗ್ಗುವುದಿಲ್ಲ. ಇವನ್ನು ಎಂಆರ್‌ಎಸ್‌ಎ ಎನ್ನುತ್ತಾರೆ. ಡೆನ್ಮಾರ್ಕಿನಲ್ಲಿ ಬೇರೆ ಬೇರೆ ಕಡೆಯ ಇಬ್ಬರಿಗೆ ಇಂಥ ಸೋಂಕು ತಗಲಿತ್ತು. ಇಬ್ಬರೂ ಜಾನುವಾರು ಸಾಕಿದ್ದರು. ಅವರ ಸೋಂಕಿನಿಂದ ತೆಗೆದ ದುಂಡಾಣುಗಳನ್ನೂ ಅವರ ಹಸು ಮತ್ತು ಕುರಿಗಳಿಂದ ತೆಗೆದ ದುಂಡಾಣುಗಳನ್ನೂ ವಿಜ್ಞಾನಿಗಳು ಅಕ್ಷರಕ್ಕೆ ಅಕ್ಷರ ಓದಿದರು. 2013 ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಪ್ರತಿಯೊಬ್ಬರ ದುಂಡಾಣುವೂ ಅವರದೇ ಪ್ರಾಣಿಯ ದುಂಡಾಣುವಿಗೆ ಕೆಲವೇ ಅಕ್ಷರಗಳಷ್ಟು ಹತ್ತಿರವಾಗಿತ್ತು. ಒಂದು ಮನೆಯದಕ್ಕೂ ಇನ್ನೊಂದು ಮನೆಯದಕ್ಕೂ ನಡುವೆ ಅದಕ್ಕಿಂತ ಹೆಚ್ಚು ದೂರವಿತ್ತು. ಅಂದರೆ ರೋಗಾಣು ಪ್ರಾಣಿಗೂ ಮನುಷ್ಯನಿಗೂ ನಡುವೆ, ಅದೇ ಮನೆಯಲ್ಲಿ, ದಾಟಿತ್ತು.

ದಾಟುವಿಕೆ ಒಂದೇ ದಿಕ್ಕಿನದೆಂದು ತಿಳಿಯಬಾರದು. ಯೂರೋಪಿನ ಹಂದಿ ಸಾಕಣೆದಾರರಲ್ಲಿ ಕಾಣಿಸಿಕೊಂಡ ಇನ್ನೊಂದು ಎಂಆರ್‌ಎಸ್‌ಎ ತಳಿಯ 89 ಮಾದರಿಗಳನ್ನು 19 ದೇಶಗಳಿಂದ ಸಂಗ್ರಹಿಸಿ ಓದಿದಾಗ ಹೊರಬಿದ್ದ ವಿಷಯ ಬೇರೆಯೇ ಆಗಿತ್ತು. 2012 ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಈ ತಳಿ ಮೊದಲು ಮನುಷ್ಯನಲ್ಲಿತ್ತು, ಔಷಧಕ್ಕೂ ಬಗ್ಗುತ್ತಿತ್ತು. ಮನುಷ್ಯನಿಂದ ಜಾನುವಾರುಗಳಿಗೆ ದಾಟಿದ ಮೇಲೆ, ಔಷಧ ಬಳಕೆ ಹೆಚ್ಚಿದ್ದ ಸಾಕಣೆ ಮನೆಗಳಲ್ಲಿ ಟೆಟ್ರಾಸೈಕ್ಲಿನ್ ಮತ್ತು ಮೆಥಿಸಿಲಿನ್ ಔಷಧಗಳಿಗೆ ನಿರೋಧ ಗಳಿಸಿ ಪುನಃ ಮನುಷ್ಯನ ಕಡೆಗೆ ಬಂತು. ಕೊಟ್ಟ ಸಾಲ ಬಡ್ಡಿ ಸಮೇತ ಹಿಂದಕ್ಕೆ ಬಂದಂತೆ!

ಕೊಲಿಸ್ಟಿನ್ ಔಷಧದ ಪಾಠ

ಇಡೀ ಲೋಕಕ್ಕೆ ಪಾಠ ಕಲಿಸಿದ ಪ್ರಕರಣ ಕೊಲಿಸ್ಟಿನ್ ಎಂಬ ಔಷಧದ್ದು. ಸುಮಾರು 1950 ರಲ್ಲಿ ಜಪಾನಿನಲ್ಲಿ ಮಣ್ಣಿನ ದುಂಡಾಣುವೊಂದರಿಂದ ದೊರೆತ ಈ ಔಷಧ ಮೂತ್ರಪಿಂಡಗಳಿಗೆ ತೊಂದರೆ ಮಾಡುತ್ತಿದ್ದುದರಿಂದ ವೈದ್ಯರು ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು. ಅಗ್ಗವಾಗಿದ್ದ ಕಾರಣ ಪಶು ಆಹಾರ ಮತ್ತು ಕೋಳಿ ಆಹಾರದಲ್ಲಿ ಅದರ ಬಳಕೆ ಬೆಳೆಯಿತು. ರೋಗವಿಲ್ಲದ ಪ್ರಾಣಿಗಳಿಗೂ ಬೇಗ ಮೈ ತುಂಬಲೆಂದು ಸಣ್ಣ ಪ್ರಮಾಣದಲ್ಲಿ ದಿನವೂ ಉಣಿಸುವ ಪದ್ಧತಿ ಬಂತು. ಇತ್ತ ಆಸ್ಪತ್ರೆಗಳಲ್ಲಿ ಉಳಿದ ಔಷಧಗಳು ಒಂದೊಂದಾಗಿ ಸೋಲತೊಡಗಿದಾಗ ವೈದ್ಯರು ಮತ್ತೆ ಕೊಲಿಸ್ಟಿನ್ ಕಡೆಗೆ ತಿರುಗಬೇಕಾಯಿತು. ರಕ್ತಕ್ಕೆ ನಂಜೇರಿದ ಹಸುಗೂಸಿಗೆ ಬೇರೆ ಯಾವ ಔಷಧವೂ ನಾಟದಿದ್ದಾಗ ಉಳಿಯುವ ಕೊನೆಯ ಆಸರೆಗಳಲ್ಲಿ ಅದೂ ಒಂದಾಯಿತು.

ಚೀನಾದಲ್ಲಿ ಜಾನುವಾರುಗಳ ಇ. ಕೋಲಿಯನ್ನು ವರ್ಷವರ್ಷವೂ ಪರೀಕ್ಷಿಸುತ್ತಿದ್ದಾಗ ಕೊಲಿಸ್ಟಿನ್‌ಗೆ ಬಗ್ಗದವುಗಳ ಸಂಖ್ಯೆ ಏರುತ್ತಿದ್ದುದು ಕಂಡುಬಂತು. ಶಾಂಘಾಯಿಯ ಹಂದಿಯೊಂದರಿಂದ 2013 ರಲ್ಲಿ ತೆಗೆದ ದುಂಡಾಣುವನ್ನು ಗುವಾಂಗ್‌ಝೌ ನಗರದ ದಕ್ಷಿಣ ಚೀನಾ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸಂಗಡಿಗರೊಂದಿಗೆ ಪರೀಕ್ಷಿಸಿದಾಗ ಎಂಸಿಆರ್-1 ಎಂಬ ಹೊಸ ವಂಶವಾಹಿ ಪತ್ತೆಯಾಯಿತು. ಕೊಲಿಸ್ಟಿನ್ ಅಂಟಿಕೊಳ್ಳುವ ದುಂಡಾಣುವಿನ ಹೊರಪೊರೆಯನ್ನೇ ಮಾರ್ಪಡಿಸಿ ಔಷಧಕ್ಕೆ ಹಿಡಿತ ಸಿಗದಂತೆ ಮಾಡುವುದು ಇದರ ಕೆಲಸ.

ಗಾಬರಿಗೆ ಕಾರಣ ಅದು ಇದ್ದ ಜಾಗ. ದುಂಡಾಣುವಿನ ಮುಖ್ಯ ಬರಹದಲ್ಲಿ ಅದು ಇರಲಿಲ್ಲ. ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿತ್ತು. ದುಂಡಾಣುಗಳು ಈ ಉಂಗುರಗಳ ಪ್ರತಿಯನ್ನು ಒಂದರಿಂದೊಂದಕ್ಕೆ ಕೊಡುತ್ತವೆ. ಊರಿನಲ್ಲಿ ಒಬ್ಬನ ಬಳಿ ಇರುವ ಕಳ್ಳ ಬೀಗದ ಕೈಗೆ ಎಲ್ಲರೂ ನಕಲು ಮಾಡಿಸಿಕೊಂಡರೆ ಹೇಗೋ ಹಾಗೆ. 2015 ರ ನವೆಂಬರಿನಲ್ಲಿ ಪ್ರಕಟವಾದ ಆ ವರದಿಯಂತೆ 2011 ರಿಂದ 2014 ರವರೆಗೆ ಪರೀಕ್ಷಿಸಿದ ಇ. ಕೋಲಿ ಮಾದರಿಗಳಲ್ಲಿ ಈ ವಂಶವಾಹಿ ಪ್ರಾಣಿಗಳಿಂದ ಬಂದ 804 ರಲ್ಲಿ 166 ರಲ್ಲಿ, ಹಸಿ ಮಾಂಸದಿಂದ ಬಂದ 523 ರಲ್ಲಿ 78 ರಲ್ಲಿ ಇತ್ತು. ಆಸ್ಪತ್ರೆಯ ರೋಗಿಗಳಿಂದ ಬಂದ 1,322 ಮಾದರಿಗಳಲ್ಲಿ ಇದ್ದುದು 16 ರಲ್ಲಿ ಮಾತ್ರ. ಪ್ರಾಣಿಗಳಲ್ಲಿ ಹೆಚ್ಚು, ಮನುಷ್ಯರಲ್ಲಿ ಕಡಿಮೆ ಎಂಬ ಈ ಅಂಕಿಗಳೇ ಮೂಲ ಯಾವ ಕಡೆಗಿದೆ ಎಂಬುದರ ಸುಳಿವು ಕೊಟ್ಟವು.

ವರದಿ ಹೊರಬಿದ್ದ ಕೂಡಲೇ ಬೇರೆ ಬೇರೆ ದೇಶಗಳವರು ತಾವು ಹಿಂದೆ ಓದಿಟ್ಟಿದ್ದ ಜೀನೋಮ್ ದಾಖಲೆಗಳಲ್ಲಿ ಎಂಸಿಆರ್-1 ಅನ್ನು ಹುಡುಕಿದರು. ಖಂಡಖಂಡಗಳಲ್ಲಿ ಅದು ಆಗಲೇ ಹರಡಿತ್ತು. ಭಾರತದಲ್ಲಿಯೂ ಮುಂದೆ ಪತ್ತೆಯಾಯಿತು. 31 ದೇಶಗಳ 457 ದುಂಡಾಣುಗಳ ಬರಹವನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು 2018 ರಲ್ಲಿ ಪ್ರಕಟವಾಯಿತು. ಈಗ ಹರಡಿರುವ ಎಂಸಿಆರ್-1 ಪ್ರತಿಗಳೆಲ್ಲವೂ ಒಂದೇ ಒಂದು ಘಟನೆಯಿಂದ, ಸುಮಾರು 2006 ರಲ್ಲಿ, ಬಹುಶಃ ಚೀನಾದ ಜಾನುವಾರುಗಳಲ್ಲಿ ಹೊರಟು ಬಂದವು ಎಂದು ಅದು ಅಂದಾಜು ಮಾಡಿತು. ಹೊರಟ ಹತ್ತೇ ವರ್ಷಗಳಲ್ಲಿ ಲೋಕ ಸುತ್ತಿತು! ಕೊಟ್ಟಿಗೆಯಲ್ಲಿ ಬಳಸಿದ ಔಷಧದ ಪರಿಣಾಮ ಕೊಟ್ಟಿಗೆಯೊಳಗೇ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಿಲ್ಲಿಸಿದ ಮೇಲೆ ಏನಾಯಿತು?

ಈ ಕಥೆಯ ಎರಡನೆಯ ಭಾಗ ಮೊದಲನೆಯದಕ್ಕಿಂತ ಮುಖ್ಯವಾದುದು. ಪ್ರಾಣಿಗಳ ಬೆಳವಣಿಗೆಗಾಗಿ ಆಹಾರದಲ್ಲಿ ಕೊಲಿಸ್ಟಿನ್ ಬೆರೆಸುವುದನ್ನು ಚೀನಾ ಸರ್ಕಾರ 2017 ರ ಏಪ್ರಿಲ್ ಕೊನೆಯಿಂದ ನಿಲ್ಲಿಸಿತು. ಅಲ್ಲಿ 2015 ರಲ್ಲಿ 27,170 ಟನ್ ಇದ್ದ ಆಹಾರ ಮಿಶ್ರಣದ ಕೊಲಿಸ್ಟಿನ್ ಉತ್ಪಾದನೆ 2018 ರಲ್ಲಿ 2,497 ಟನ್‌ಗೆ ಇಳಿಯಿತು. ಹಂದಿಗಳ ಇ. ಕೋಲಿಯಲ್ಲಿ ಕೊಲಿಸ್ಟಿನ್ ನಿರೋಧ 2015-16 ರಲ್ಲಿ ಶೇಕಡಾ 34 ಇದ್ದುದು 2017-18 ರಲ್ಲಿ ಶೇಕಡಾ 5.1 ಕ್ಕೂ, ಕೋಳಿಗಳಲ್ಲಿ ಶೇಕಡಾ 18.1 ರಿಂದ 5 ಕ್ಕೂ ಇಳಿದವು. ಆಸ್ಪತ್ರೆಗೆ ಸೇರಿದ ಜನರ ಕರುಳಿನಲ್ಲಿ ಎಂಸಿಆರ್-1 ಹೊತ್ತ ದುಂಡಾಣು ಕಾಣಿಸಿಕೊಳ್ಳುವುದು 2016 ರಲ್ಲಿ ಶೇಕಡಾ 14.3 ಇದ್ದುದು 2019 ರಲ್ಲಿ ಶೇಕಡಾ 6.3 ಆಯಿತು. ಹಂದಿಗೂ ಕೋಳಿಗೂ ಔಷಧ ಬೆರೆಸುವುದನ್ನು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಮನುಷ್ಯರಲ್ಲಿಯೂ ನಿರೋಧ ಇಳಿಯಿತು!

ಭಾರತ ಸರ್ಕಾರವೂ 2019 ರ ಜುಲೈ ತಿಂಗಳಿನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನುಗಳಿಗೆ ಹಾಗೂ ಪಶು ಆಹಾರದ ಪೂರಕಗಳಿಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ ಮತ್ತು ವಿತರಣೆಯನ್ನು ನಿಷೇಧಿಸಿತು. ಆಹಾರದ ಚೀಲದ ಮೇಲಿನ ಚೀಟಿಯನ್ನು ಓದಿ ನೋಡುವುದು ಈ ಕಾರಣದಿಂದ ಪ್ರತಿಯೊಬ್ಬ ಕೋಳಿ ಸಾಕಣೆದಾರನ ಹಕ್ಕೂ ಹೌದು, ಕರ್ತವ್ಯವೂ ಹೌದು.

ಸಾಕ್ಷಿ ಎರಡು ಕಡೆಗೂ ಹೇಳುತ್ತದೆ

ಎಲ್ಲ ತಪ್ಪೂ ರೈತನದೇ ಎಂದು ಜೀನೋಮ್ ವಿಜ್ಞಾನ ಹೇಳುತ್ತದೆಯೇ? ಇಲ್ಲ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಸಾಕಣೆ ಮನೆಗಳ ಇ. ಕೋಲಿಯನ್ನೂ ರೋಗಿಗಳ ರಕ್ತದಿಂದ ತೆಗೆದ ಇ. ಕೋಲಿಯನ್ನೂ ಹೋಲಿಸಿದ ಅಧ್ಯಯನ 2019 ರಲ್ಲಿ ಪ್ರಕಟವಾಯಿತು. ಅಲ್ಲಿ ಇವೆರಡೂ ಬಹುಮಟ್ಟಿಗೆ ಬೇರೆ ಬೇರೆ ಕವಲುಗಳಾಗಿದ್ದವು. ಇತ್ತೀಚೆಗೆ ಒಂದರಿಂದೊಂದಕ್ಕೆ ದಾಟಿದ ಗುರುತು ಕಡಿಮೆ. ಭಾರತದ ಆಸ್ಪತ್ರೆಗಳಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ದುಂಡಾಣುವಿನಲ್ಲಿ ಕಂಡ ಕೊಲಿಸ್ಟಿನ್ ನಿರೋಧವೂ ಹೆಚ್ಚಾಗಿ ಎಂಸಿಆರ್ ಉಂಗುರದಿಂದ ಬಂದುದಲ್ಲ, ಅದರ ಸ್ವಂತ ಬರಹದಲ್ಲಿ ಆದ ಬದಲಾವಣೆಯಿಂದ ಬಂದುದು. ಅದರ ಹೊಣೆಯನ್ನು ಕೊಟ್ಟಿಗೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಮಾತ್ರೆ ಕೊಳ್ಳುವುದು, ಜ್ವರ ಇಳಿದ ಕೂಡಲೇ ಔಷಧ ಬಿಡುವುದು, ಆಸ್ಪತ್ರೆಯಲ್ಲಿ ಶುಚಿತ್ವದ ಕೊರತೆ, ಕಾರ್ಖಾನೆ ಮತ್ತು ಪಟ್ಟಣಗಳ ಕೊಳಚೆ ನೀರು ಇವೆಲ್ಲವೂ ಈ ಹೊರೆಗೆ ತಮ್ಮ ಪಾಲು ಸೇರಿಸಿವೆ. ಬರಹ ಓದಿದಾಗ ಯಾವ ಪಾಲು ಎಲ್ಲಿಯದು ಎಂಬುದು ಬೇರ್ಪಡುತ್ತದೆ. ಊಹೆಯಿಂದ ಬರುವ ದೂರಿಗೆ ಬದಲಾಗಿ ದಾಖಲೆಯಿಂದ ಬರುವ ನ್ಯಾಯ ರೈತನಿಗೂ ಹಿತವೇ.

ಈ ಕೆಲಸ ಕರ್ನಾಟಕದಲ್ಲಿಯೂ ನಡೆದಿದೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯವು ಕೊಲಂಬಿಯಾ, ನೈಜೀರಿಯಾ ಮತ್ತು ಫಿಲಿಪ್ಪೀನ್ಸ್ ದೇಶಗಳ ಪ್ರಯೋಗಾಲಯಗಳ ಜೊತೆ ಸೇರಿ ಆಸ್ಪತ್ರೆಗಳ ನಿರೋಧಕ ದುಂಡಾಣುಗಳ ಜೀನೋಮ್‌ಗಳನ್ನು ಓದಿದೆ. ಜಾನುವಾರು ಮತ್ತು ಮೀನುಗಳ ದುಂಡಾಣುಗಳಲ್ಲಿ ಔಷಧ ನಿರೋಧವನ್ನು ಗಮನಿಸಲು ಭಾರತೀಯ ಕೃಷಿ ಸಂಶೋಧನಾ ಮಂಡಳಿಯು ಪ್ರಯೋಗಾಲಯಗಳ ಜಾಲವೊಂದನ್ನು ರಚಿಸಿದೆ. ಹಾಲು, ಸಗಣಿ, ಹಿಕ್ಕೆಗಳ ಮಾದರಿ ಕೇಳಿ ವಿಜ್ಞಾನಿಗಳು ಮನೆಗೆ ಬಂದರೆ ಅದನ್ನು ತಪ್ಪು ಹುಡುಕುವ ತಪಾಸಣೆಯೆಂದು ತಿಳಿಯದೆ ಸಹಕರಿಸಬೇಕು. ಮಾದರಿಗಳು ಹೆಚ್ಚಿದಷ್ಟೂ ವಂಶಾವಳಿ ಪೂರ್ಣವಾಗುತ್ತದೆ. ಕೆಲವೇ ಊರುಗಳ ಮಾದರಿಯಿಂದ ಬರೆದ ವಂಶಾವಳಿ ಹರಿದ ದಾಖಲೆ ಇದ್ದಂತೆ.

ರೈತರು ಅನುಸರಿಸಬೇಕಾದ ಕ್ರಮಗಳು

ಔಷಧಕ್ಕೆ ಬಗ್ಗದ ದುಂಡಾಣು ಮೊದಲು ತಲುಪುವುದು ಹಾಲು ಕರೆಯುವ, ಸಗಣಿ ಬಾಚುವ, ಕೋಳಿ ಮನೆ ಗುಡಿಸುವ ಕೈಗಳನ್ನು. ಅಂದರೆ ರೈತನ ಮನೆಯವರನ್ನೇ. ಆದ್ದರಿಂದ ಕೆಳಗಿನ ಕ್ರಮಗಳು ಪರರ ಉಪಕಾರಕ್ಕಾಗಿ ಮಾತ್ರವಲ್ಲ, ಸ್ವಂತ ಮನೆಯ ರಕ್ಷಣೆಗಾಗಿ.

1. ಪಶುವೈದ್ಯರ ಸಲಹೆಯಿಲ್ಲದೆ ಪ್ರತಿಜೈವಿಕ ಔಷಧ ಕೊಡಬಾರದು. ನೆರೆಯವರ ಹಸುವಿಗೆ ಉಳಿದ ಔಷಧವನ್ನು ತಂದು ಹಾಕುವುದು ಸಲ್ಲದು. ನಂಜಾಣುವಿನಿಂದ ಬರುವ ರೋಗಗಳನ್ನು ಈ ಔಷಧಗಳು ಗುಣಪಡಿಸುವುದಿಲ್ಲ.

2. ವೈದ್ಯರು ಹೇಳಿದ ಪ್ರಮಾಣವನ್ನು ಹೇಳಿದಷ್ಟು ದಿನ ಕೊಡಬೇಕು. ಪ್ರಮಾಣ ಕಡಿಮೆಯಾದರೆ ಬಲಹೀನ ದುಂಡಾಣು ಸತ್ತು ಬಲವಾದದ್ದು ಉಳಿಯುತ್ತದೆ.

3. ಕೆಚ್ಚಲು ಬಾವು ಮರುಕಳಿಸಿದರೆ ಔಷಧ ಬದಲಾಯಿಸುತ್ತ ಹೋಗುವ ಮೊದಲು ಹಾಲಿನ ಮಾದರಿಯನ್ನು ಪಶುವೈದ್ಯರ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸಿ, ಯಾವ ಔಷಧ ನಾಟುತ್ತದೆ ಎಂದು ತಿಳಿಯಬೇಕು. ಪರೀಕ್ಷೆಯ ಖರ್ಚು ನಾಟದ ಔಷಧದ ಖರ್ಚಿಗಿಂತ ಕಡಿಮೆಯೇ ಸರಿ.

4. ರೋಗದ ಹಸುವನ್ನು ಕೊನೆಯಲ್ಲಿ ಕರೆಯಬೇಕು. ಕರೆಯುವ ಮುನ್ನ ಮತ್ತು ನಂತರ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಹಾಲು ಕರೆದ ಮೇಲೆ ಮೊಲೆತೊಟ್ಟುಗಳನ್ನು ರೋಗನಿರೋಧಕ ದ್ರಾವಣದಲ್ಲಿ ಅದ್ದಬೇಕು. ಹಸು ಕೂಡಲೇ ಮಲಗದಂತೆ ಮೇವು ಹಾಕಬೇಕು.

5. ಬೆಳವಣಿಗೆಗೆಂದು ಔಷಧ ಬೆರೆಸಿದ ಆಹಾರ ಕೊಳ್ಳಬಾರದು. ಕೊಕ್ಕರೆ ರೋಗ, ಗಂಬೋರೊ ರೋಗಗಳಿಗೆ ಸಕಾಲದಲ್ಲಿ ಲಸಿಕೆ, ಶುದ್ಧ ನೀರು, ಒಣ ಹಾಸು, ಗಾಳಿ ಬೆಳಕು, ಒಂದು ತಂಡ ಮಾರಿದ ಮೇಲೆ ಮನೆಯನ್ನು ಶುಚಿಮಾಡಿ ಖಾಲಿ ಬಿಡುವುದು ಇವೇ ನಿಜವಾದ ಬೆಳವಣಿಗೆಯ ಮದ್ದು.

6. ಔಷಧ ಕೊಟ್ಟ ನಂತರ ಚೀಟಿಯ ಮೇಲೆ ಹೇಳಿದಷ್ಟು ದಿನ ಹಾಲು, ಮೊಟ್ಟೆ, ಮಾಂಸ ಮಾರಬಾರದು. ಔಷಧಕ್ಕೆ ಅವಧಿ ನಿಗದಿಯಾಗಿರದಿದ್ದರೆ 2012 ರ ನಿಯಮದಂತೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕು. ಕುದಿಸಿದರೆ ಹಾಲಿನಲ್ಲಿರುವ ರೋಗದ ದುಂಡಾಣು ಸಾಯುತ್ತದೆ. ಆದರೆ ಔಷಧದ ಶೇಷ ಪೂರ್ತಿ ನಾಶವಾಗುವುದಿಲ್ಲ.

7. ಹಸಿ ಸಗಣಿ ಮತ್ತು ಕೋಳಿ ಗೊಬ್ಬರವನ್ನು ನೇರವಾಗಿ ತರಕಾರಿ ಬೆಳೆಗೆ ಹಾಕದೆ ಚೆನ್ನಾಗಿ ಕಳಿಸಿ ಬಳಸಬೇಕು. ಗುಂಡಿಯೊಳಗಿನ ಕಾವು ರೋಗಾಣುಗಳಲ್ಲಿ ಹೆಚ್ಚಿನವನ್ನು ಕೊಲ್ಲುತ್ತದೆ. ಗೊಬ್ಬರದ ಗುಂಡಿ ಬಾವಿಯಿಂದ ದೂರವಿರಲಿ. ಔಷಧ ಕೊಟ್ಟ ಹಸುವಿನ ಹಾಲನ್ನು ಕರುಗಳಿಗೆ ಕುಡಿಸಬಾರದು.

8. ಯಾವ ದಿನ, ಯಾವ ಪ್ರಾಣಿಗೆ, ಯಾವ ಔಷಧ, ಎಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ರೋಗಾಣು ತನ್ನ ದಾಖಲೆಯನ್ನು ತಾನೇ ಬರೆದುಕೊಳ್ಳುತ್ತದೆ. ರೈತನ ಬಳಿಯೂ ತನ್ನದೊಂದು ದಾಖಲೆ ಇದ್ದರೆ ಎರಡನ್ನೂ ಹೋಲಿಸಿ ಸತ್ಯ ತಿಳಿಯಬಹುದು.

ಹೊಸ ಪ್ರತಿಜೈವಿಕ ಔಷಧಗಳು ವರ್ಷಕ್ಕೊಂದರಂತೆ ಬರುವ ಕಾಲ ಮುಗಿದಿದೆ. ಇರುವವನ್ನೇ ಮುಂದಿನ ಮಕ್ಕಳ ಕಾಲದವರೆಗೆ ಉಳಿಸಿಕೊಳ್ಳಬೇಕಾಗಿದೆ. ಬಿತ್ತನೆಗೆಂದು ಕಟ್ಟಿಟ್ಟ ಬೀಜವನ್ನು ಎಂಥ ಬರಗಾಲದಲ್ಲಿಯೂ ರೈತ ಸುಲಭವಾಗಿ ತೆಗೆದು ಉಣ್ಣುವುದಿಲ್ಲ. ಕೊನೆಯ ಔಷಧಗಳೂ ಕಟ್ಟಿಟ್ಟ ಬೀಜವೇ. ಅವನ್ನು ದಿನದ ಮೇವಿನಲ್ಲಿ ಬೆರೆಸಿ ಕಳೆಯದೆ, ನಿಜವಾಗಿ ಬೇಕಾದ ದಿನಕ್ಕಾಗಿ ಕಾದಿಡುವುದು ಪ್ರತಿಯೊಂದು ಕೊಟ್ಟಿಗೆಯಲ್ಲಿಯೂ ಇಂದಿನಿಂದಲೇ ಆಗಬೇಕಾದ ಕೆಲಸ.